ಹುಷಾರಾದವಳು

ಬೆರಳುಗಳು ಗೋಡೆ ಹತ್ತತೊಡಗಿದವು. ತೋರುಬೆರಳು, ನಡುಬೆರಳು, ಮತ್ತೆ ತೋರುಬೆರಳು. ಮಕ್ಕಳಿಗೆ ಕಚಗುಳಿ ಇಡಲು ಅಂಗೈಯಿಂದ ಕಂಕುಳಿನವರೆಗೆ ಬೆರಳು ನಡೆಸುತ್ತಾರಲ್ಲ, ಹಾಗೆ. ಮಲಗುವ ಕೋಣೆಯ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದ ವಿಮಲಾಗೆ, ಬೆನ್ನ ಹಿಂದೆ ಗಂಡ ಸತ್ಯಮೂರ್ತಿ ಉಸಿರು ಬಿಗಿಹಿಡಿದು ನಿಂತಿರುವುದು ತಿಳಿಯುತ್ತಿತ್ತು. ಅವನ ಕೈಯಲ್ಲಿ ಪೆನ್ಸಿಲ್. ಎದೆಯ ಆಪರೇಷನ್ ಆದ ಮೇಲೆ ಬಲಗೈ ಭುಜದಿಂದ ಮೇಲಕ್ಕೆ ಏಳದೆ ಹೋದಾಗ ದಾದರಿನ ಫಿಸಿಯೋಥೆರಪಿ ಹುಡುಗಿ ಶ್ರಾವ್ಯಾ ಹೇಳಿಕೊಟ್ಟ ವ್ಯಾಯಾಮ ಇದು. ಬೆರಳು ಮುಟ್ಟಿದಲ್ಲಿ ಒಂದು ಗೀಟು ಎಳೆಯಿರಿ ಅಂಕಲ್, ಅವರಿಗೆ ಉತ್ಸಾಹ ಬರುತ್ತೆ ಅಂದಿದ್ದಳು. ಕೆಳಗೆ ಬಿಡಿಬಿಡಿಯಾಗಿ ಶುರುವಾದ ಗೀಟುಗಳು ಗಲ್ಲದ ಮಟ್ಟ ದಾಟಿ, ಹಣೆ ದಾಟಿ, ಈಗ ಒಂದು ಕಡೆ ಬಂದು ಲಿಫ್ಟಿಗೆ ಕಾಯುವವರ ಹಾಗೆ ಗುಂಪುಗೂಡಿ ನಿಂತುಬಿಟ್ಟಿದ್ದವು. ಬೆರಳುಗಳು ಆ ಗುಂಪನ್ನು ತಲುಪಿದವು. ವಿಮಲಾ ಹುಬ್ಬು ಗಂಟಿಕ್ಕಿದಳು. ಮೊದಲು ಆ ಗಂಟು ತಾನಾಗಿ ಬರುತ್ತಿತ್ತು. ಈಗ ತರಿಸಿಕೊಳ್ಳಬೇಕಾಗಿತ್ತು.

"ಆಗಲ್ಲ ರೀ."

"ಸಾಕು ಬಿಡು, ಬಲವಂತ ಬೇಡ," ಅಂದ ಸತ್ಯಮೂರ್ತಿ. ನಿನ್ನೆಯ ಗೀಟಿನ ಮೇಲೆಯೇ ಇನ್ನೊಂದು ಗೀಟು ಎಳೆದು, ಎರಡು ಹೆಜ್ಜೆ ಹಿಂದೆ ಸರಿದು, ಕನ್ನಡಕ ಮೇಲೆತ್ತಿ ನೋಡಿದ. "ಒಂದು ಕೂದಲೆಳೆ ಮೇಲಿದೆ ಅನ್ನಿಸುತ್ತೆ ಇವತ್ತು. ಹೇಗೂ ಶ್ರಾವ್ಯಾ ನೋಡ್ತಾಳಲ್ಲ."

ಅದೇ ತೊಂದರೆ. ಇವತ್ತು ಶ್ರಾವ್ಯಾ ನೋಡುತ್ತಾಳೆ. ಅವಳು ಗೋಡೆ ಹತ್ತಿಸುವವಳಲ್ಲ. ಮಾತಾಡುತ್ತ ಮಾತಾಡುತ್ತ ಎರಡು ಬೆರಳಿನಲ್ಲಿ ಮಣಿಕಟ್ಟು ಹಿಡಿದು ಕೈಯನ್ನು ತಾನೇ ಎತ್ತಿಬಿಡುತ್ತಾಳೆ. ಅದು ಸಲೀಸಾಗಿ ಕಿವಿಯ ಪಕ್ಕಕ್ಕೆ ಬಂದು ನಿಂತುಬಿಡುತ್ತದೆ. ಆಂಟಿ, ಇದು ಪೂರ್ತಿ ಸರಿಹೋಗಿದೆಯಲ್ಲ, ಯಾವಾಗ ಆಯ್ತು, ಅನ್ನುತ್ತಾಳೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಕೈಚೀಲ ಇಟ್ಟುಕೊಂಡು ಸತ್ಯಮೂರ್ತಿ ಕೂತಿರುತ್ತಾನೆ.

ಯಾವಾಗ ಆಯಿತೆಂದು ವಿಮಲಾಗೂ ಸರಿಯಾಗಿ ಗೊತ್ತಿಲ್ಲ. ಒಂದು ಮಧ್ಯಾಹ್ನ ಅವನು ಬ್ಯಾಂಕಿಗೆ ಹೋಗಿದ್ದ. ಕುಕ್ಕರಿನ ರಬ್ಬರು ಸಡಿಲವಾಗಿ ಉಗಿಯೆಲ್ಲ ಪಕ್ಕದಿಂದ ಬರುತ್ತಿತ್ತು, ಹೊಸದು ಅಡಿಗೆಮನೆಯ ಮೇಲಿನ ಗೂಡಿನಲ್ಲಿತ್ತು, ತೆಗೆದುಕೊಂಡಳು. ರಬ್ಬರು ಕೈಗೆ ಬಂದ ಮೇಲೆ ಕೈ ಎಲ್ಲಿದೆ ಅಂತ ನೋಡಿದಳು. ತಲೆಯ ಮೇಲಿತ್ತು. ಕಂಕುಳಿನಲ್ಲಿ ಹಗ್ಗದ ಹಾಗೆ ಬಿಗಿದುಕೊಂಡಿದ್ದು ಯಾವುದೋ ಸಡಿಲವಾಗಿ, ಬೇರೆ ಯಾರದೋ ಕೈ ಅನ್ನುವಷ್ಟು ಹಗುರವಾಗಿ, ಅದು ಅಲ್ಲಿ ನಿಂತಿತ್ತು. ಕಿಟಕಿಯ ಆಚೆ ಎದುರು ಬಿಲ್ಡಿಂಗಿನಲ್ಲಿ ಯಾರೋ ಬಟ್ಟೆ ಹರವುತ್ತಿದ್ದರು. ವಿಮಲಾ ಕೈ ಇಳಿಸಿ, ಮತ್ತೆ ಎತ್ತಿ, ಮತ್ತೆ ಇಳಿಸಿದಳು. ಖುಷಿಯಾಗಬೇಕಾಗಿತ್ತು, ಆಯಿತು ಕೂಡ. ಅವನು ಬರಲಿ, ಬಾಗಿಲಲ್ಲೇ ತೋರಿಸುತ್ತೇನೆ ಅಂದುಕೊಂಡಳು. ಆಮೇಲೆ ಕರೆಗಂಟೆ ಸದ್ದಾಯಿತು. ಅವನು ಚಪ್ಪಲಿ ಬಿಡುತ್ತ, ಬಿಸಿಲು ಬಿಸಿಲು ಅನ್ನುತ್ತ ಒಳಗೆ ಬಂದು, "ಕೂತ್ಕೊ, ತಲೆ ಬಾಚ್ತೀನಿ, ಬೆಳಿಗ್ಗೆ ಬಾಚಲೇ ಇಲ್ಲ," ಅಂದ. ವಿಮಲಾ ಕೂತಳು. ರಬ್ಬರು ಕುಕ್ಕರಿನ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ಯಾರು ತೆಗೆದರೆಂದು ಅವನು ಕೇಳಲಿಲ್ಲ. ಅಂಥದ್ದೆಲ್ಲ ಅವನಿಗೆ ಕಾಣಿಸುವುದಿಲ್ಲ, ಕಾಣಿಸದೇ ಇರುವುದು ಎಷ್ಟು ಒಳ್ಳೆಯದೆಂದು ಮದುವೆಯಾದ ಮೇಲೆ ಮೊದಲ ಸಲ ಅವಳಿಗೆ ಅನ್ನಿಸಿತ್ತು.

ಈಗಲೂ ಅವನು ಮಂಚದ ಅಂಚಿನಲ್ಲಿ ಕೂತು, ಅವಳನ್ನು ಮುಂದಿನ ಗಿಡ್ಡ ಸ್ಟೂಲಿನ ಮೇಲೆ ಕೂರಿಸಿಕೊಂಡಿದ್ದ. ಎಣ್ಣೆ ಅಂಗೈಗೆ ಹಾಕಿಕೊಂಡು ಉಜ್ಜುವ ಸದ್ದು. ಮೊದಲಿನ ಕೂದಲು ಸೊಂಟದವರೆಗೆ ನೇರವಾಗಿ ಇಳಿಯುತ್ತಿತ್ತು. ಕೀಮೋ ಮುಗಿದ ಮೇಲೆ ಬಂದದ್ದು ಗುಂಗುರು ಗುಂಗುರಾಗಿ, ಹಸುಗೂಸಿನ ಕೂದಲಿನ ಹಾಗೆ ಮೆತ್ತಗೆ, ಯಾವ ಕಡೆ ಬಾಚಿದರೂ ಇನ್ನೊಂದು ಕಡೆಗೆ ಹೋಗುವಂಥದ್ದು. ಸತ್ಯಮೂರ್ತಿ ಅದನ್ನು ವಿಮಾ ಕಚೇರಿಯಲ್ಲಿ ಕಡತ ವಿಂಗಡಿಸುತ್ತಿದ್ದ ಗಾಂಭೀರ್ಯದಿಂದಲೇ ವಿಂಗಡಿಸುತ್ತಿದ್ದ: ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ನಡುವೆ ಬಾಚಣಿಗೆಯ ತುದಿಯಿಂದ ಬೈತಲೆ. ಸೊಟ್ಟಗೇ ಬರುತ್ತಿತ್ತು. ಎರಡನೇ ಸಲ ಎಳೆಯುವಾಗ ಮಾತು ಶುರುವಾಗುತ್ತಿತ್ತು.

"ಮಾಟುಂಗಾದಲ್ಲಿ ಒಂದು ಮನೆ ಇತ್ತು," ಅಂದ ಇವತ್ತು. "ನಾನು ಬೊಂಬಾಯಿಗೆ ಬಂದ ಹೊಸದು. ಕುರ್ಲಾದ ರೂಮಿನಲ್ಲಿ ನಾಲ್ಕು ಜನ, ಮೂರು ಹೊತ್ತೂ ಪಾವ್ ತಿಂದು ಬಾಯೆಲ್ಲ ಹುಣ್ಣು. ಒಂದು ಸಾಯಂಕಾಲ ಸುಮ್ಮನೆ ನಡೀತಾ ಇದ್ದೀನಿ, ಯಾರೋ ಸಾರಿಗೆ ಒಗ್ಗರಣೆ ಹಾಕಿದರು. ಇಂಗು, ಕರಿಬೇವು. ಕಾಲು ತಾನಾಗಿ ಮೆಟ್ಟಿಲು ಹತ್ತಿಬಿಟ್ಟಿತು ಕಣೇ. ಬಾಗಿಲ ಹತ್ರ ನಿಂತಿದ್ದೀನಿ, ಒಬ್ಬ ಹೆಂಗಸು ಬಾಗಿಲು ತೆಗೆದು ಯಾರು ಬೇಕು ಅಂದರು. ದೇವಾನಂದ ಇದ್ದಾನಾ ಅಂದೆ. ಯಾವ ದೇವಾನಂದ? ಬಾಯಿಗೆ ಬಂದದ್ದು ಹೇಳಿದ್ದೆ. ಅವರು ಒಳಗೆ ತಿರುಗಿ, ದೇವೂ, ನಿನ್ನನ್ನ ಯಾರೋ ಕೇಳ್ತಿದಾರೆ ಅಂದುಬಿಟ್ಟರು." ಬಾಚಣಿಗೆ ಗಾಳಿಯಲ್ಲಿ ನಿಂತಿತು. "ಓಡಿದ್ದೇ ಓಡಿದ್ದು ನೋಡು."

ವಿಮಲಾ ನಕ್ಕಾಗ ತಲೆ ಅಲ್ಲಾಡಿ ಬೈತಲೆ ಮತ್ತೆ ಹಾಳಾಯಿತು. ಇಷ್ಟು ವರ್ಷ ಜೊತೆಯಲ್ಲಿದ್ದೂ ಈ ಕಥೆ ಅವಳಿಗೆ ಗೊತ್ತಿರಲಿಲ್ಲ. ಅವನು ಕೆಟ್ಟ ಗಂಡನಾಗಿರಲಿಲ್ಲ. ಸಂಬಳ ತಂದ, ಮಗಳು ವಿಭಾಳನ್ನು ಓದಿಸಿದ, ಅವಳ ತಮ್ಮನ ಮದುವೆಗೆ ರಜೆ ಹಾಕಿ ಮೈಸೂರಿಗೆ ಬಂದ. ಆದರೆ ಮನೆಯಲ್ಲಿ ಮಾತೆಂದರೆ ಕಾಫಿ ಆಯ್ತಾ, ಹಾಲಿನವನು ಬಂದನಾ, ಗ್ಯಾಸ್ ಬುಕ್ ಮಾಡಿದೆಯಾ. ಪೇಪರಿನ ಹಿಂದೆ ಒಂದು ಮುಖ, ಟೀವಿಯ ಬೆಳಕಿನಲ್ಲಿ ಒಂದು ಮುಖ. ಕೂದಲು ಉದುರಿದ ದಿನಗಳಲ್ಲಿ ಅವನು ದಿಂಬಿನ ಮೇಲಿಂದ ಒಂದೊಂದೇ ಎಳೆ ಆಯುತ್ತಿದ್ದುದನ್ನು ಅವಳು ಅರೆಕಣ್ಣಿನಲ್ಲಿ ನೋಡಿದ್ದಳು. ಆಗಲೂ ಮಾತಿಲ್ಲ. ಕೂದಲು ಮತ್ತೆ ಹುಟ್ಟಿ, ಅವಳ ಕೈ ತಲೆಗೆ ಮುಟ್ಟದೆ, ಅವನು ಬಾಚಣಿಗೆ ಹಿಡಿದ ಮೇಲೆ ಒಂದು ದಿನ, ಮುಖ ಕಾಣದ ಹಿಂದುಗಡೆಯಿಂದ, ಬೇರೆಯೇ ಒಬ್ಬ ಗಂಡಸು ಮಾತಾಡಿದ. ಅಕೌಂಟೆಂಟ್ ಒಬ್ಬ ಎಲ್ಲರೆದುರಿಗೆ ಇವನ ಇಂಗ್ಲಿಷಿಗೆ ನಕ್ಕಿದ್ದು. ವಿಭಾ ಹುಟ್ಟಿದಾಗ ಎತ್ತಿಕೊಳ್ಳಲು ಹೆದರಿ, ಕೈ ತೊಳೆದುಕೊಂಡು ಬರುತ್ತೇನೆಂದು ಹೋಗಿ ಎಷ್ಟೋ ಹೊತ್ತು ನಲ್ಲಿಯ ಹತ್ತಿರ ನಿಂತದ್ದು. ಇದೆಲ್ಲ ಒಳಗಿಟ್ಟುಕೊಂಡು ಈ ಮನುಷ್ಯ ಪಕ್ಕದಲ್ಲೇ ಮಲಗಿದ್ದನೇ ಅಂತ ಅವಳಿಗೆ ದಿಗಿಲಾಗಿತ್ತು. ಆಮೇಲೆ ಇನ್ನಷ್ಟು ಕೇಳುವ ಆಸೆಯಾಯಿತು. ಕಾಯಿಲೆ ಹೋಗಲಿ ಅಂತ ಎಲ್ಲ ದೇವರಿಗೂ ಕೈಮುಗಿದವಳು, ಹೋದ ಮೇಲೆ ಅದು ತಂದದ್ದು ಮಾತ್ರ ಇರಲಿ ಅಂತ ಗೋಡೆಯ ಎದುರು ಹುಬ್ಬು ಗಂಟಿಕ್ಕುತ್ತಿದ್ದಾಳೆ. ಎಂಥ ಹೆಂಗಸು ನಾನು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವಳು ಕೈ ಎತ್ತಲು ಆಗಲೇ ಇಲ್ಲ, ಏನನ್ನು ಮಾಡಲೂ ಆಗಲಿಲ್ಲ ಕೊನೆಗೆ. ತಾನು ಆದ ಕೈಯನ್ನು ಆಗದು ಅನ್ನುತ್ತಿದ್ದಾಳೆ.

ಹೊರಡುವ ಹೊತ್ತಿಗೆ ಥಾಣೆಯಿಂದ ಮಗಳ ಫೋನು. "ಅಮ್ಮಾ, ಬ್ರಿಜ್ ಮೇಲೆ ಜಲ್ದಿ ಜಲ್ದಿ ಹೋಗ್ಬೇಡ, ಹಾಂ? ಡ್ಯಾಡಿದು ಕೈ ಹಿಡ್ಕೊ. ಹುಷಾರ್." ವಿಭಾಳ ಕನ್ನಡದಲ್ಲಿ ಉಳಿದಿರುವ ಕೆಲವೇ ಮಾತುಗಳಲ್ಲಿ ಅದೊಂದು. ಈ ಮನೆಯಲ್ಲಿ ವರ್ಷದಿಂದ ಆ ಮಾತು ಸವೆದು ನುಣ್ಣಗಾಗಿದೆ. ಮೆಟ್ಟಿಲಿಳಿದರೆ ಹುಷಾರು, ಬಿಸಿನೀರು ಎತ್ತಿದರೆ ಹುಷಾರು. ಯಾರಾದರೂ ಕೇಳಿದರೆ ಈಗ ಹುಷಾರಾಗಿದ್ದಾಳೆ. ಆದದ್ದೂ ಅದೇ, ಇರಬೇಕಾದದ್ದೂ ಅದೇ.

ಸಾಂತಾಕ್ರೂಜ್ ಪ್ಲಾಟ್‌ಫಾರ್ಮಿನಲ್ಲಿ, ಕಣ್ಣಿಲ್ಲದವರಿಗೆ ಗೊತ್ತಾಗಲೆಂದು ಟಿಕ್ ಟಿಕ್ ಎಂದು ಸದ್ದು ಮಾಡುವ ಡಬ್ಬಿಯ ಕೆಳಗೆ ಅವರು ನಿಂತರು. ಅಂಗವಿಕಲರಿಗೂ ಕ್ಯಾನ್ಸರಿನವರಿಗೂ ಇಟ್ಟ ಲೋಕಲ್ ರೈಲಿನ ಡಬ್ಬಾ ಅಲ್ಲಿಯೇ ಬಂದು ನಿಲ್ಲುವುದು. ರೇಡಿಯೇಷನ್‌ಗೆ ಹೋಗುತ್ತಿದ್ದ ದಿನಗಳಲ್ಲಿ ಆ ಸದ್ದು ಕೇಳಿದರೆ ಮನೆಗೆ ಬಂದ ಹಾಗಾಗುತ್ತಿತ್ತು. ಈಗ, ತಲೆ ತುಂಬ ಕೂದಲು, ಕೆನ್ನೆಯಲ್ಲಿ ಮಾಂಸ, ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ನಿಂತರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡ ಹಾಗಾಗುತ್ತದೆ. ಲೇಡೀಸ್ ಡಬ್ಬಾಕ್ಕೆ ಹೋಗಲೇ ಅಂದರೆ ಸತ್ಯಮೂರ್ತಿ ಕೇಳುವುದಿಲ್ಲ. "ನೂಕಿಬಿಟ್ಟರೆ? ಆ ಕೈಲಿ ಏನು ಹಿಡ್ಕೋತೀಯ?" ಆ ಕೈ ಅಂದಾಗ ಅವಳು ಬೇರೆ ಕಡೆ ನೋಡಿದಳು.

ಡಬ್ಬಾದೊಳಗೆ ಶುಭಾಂಗಿ ಇದ್ದಳು. ಬೆಳಗಾವಿಯವಳು, ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸಣ್ಣ, ಪರೇಲಿನ ಯಾವುದೋ ಆಫೀಸಿನಲ್ಲಿ ಕೆಲಸ. ರೇಡಿಯೇಷನ್ ದಿನಗಳಲ್ಲಿ ವಿಮಲಾಗೆ ಕಿಟಕಿಯ ಸೀಟು ಹಿಡಿದಿಡುತ್ತಿದ್ದವಳು. ಎಷ್ಟೋ ತಿಂಗಳ ಮೇಲೆ ನೋಡಿ ಊರುಗೋಲನ್ನು ಬದಿಗೆ ಸರಿಸಿ ಜಾಗ ಮಾಡಿದಳು.

"ಅಯ್ಯ ವೈನಿ, ಬರ್ರಿ, ಇಲ್ಲೇ ಕುಂಡ್ರಿ. ಗುರ್ತೇ ಸಿಗಲಿಲ್ಲ ನೋಡ್ರಿ ನನಗ. ಕೂದಲಾ ಏನ್ ಚಂದ ಬಂದಾವ, ಪಾರ್ಲರಿನಾಗ ರೊಕ್ಕ ಕೊಟ್ರೂ ಹಿಂಗ ಗುಂಗುರು ಬರಂಗಿಲ್ಲ. ಅರಾಮ ಅದೀರಿ?"

ವಿಮಲಾ ಬಾಯಿ ತೆರೆಯುವ ಮುಂಚೆ ಸತ್ಯಮೂರ್ತಿ, ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತಲ್ಲಿಂದಲೇ, ಹೆಮ್ಮೆಯಿಂದ ಅಂದ: "ಈಗ ಎಷ್ಟೋ ಹುಷಾರಾಗಿದ್ದಾಳೆ."

ಶುಭಾಂಗಿ ಅವನನ್ನು ಒಂದು ಗಳಿಗೆ ನೋಡಿದಳು. ಕಣ್ಣಿನಲ್ಲಿ ತುಂಟತನ ಬಂತು. "ಹುಷಾರ ಆಗ್ಯಾರ? ಹಂಗಾರ ಮೊದಲ ದಡ್ಡಿ ಇದ್ರೇನ್ರಿ ಸಾಹೇಬ್ರ?"

"ಅಲ್ಲಮ್ಮ, ಮೈ ಹುಷಾರಾಗಿದೆ ಅಂತ."

"ಮೈಗೆ ನಮ್ಮ ಕಡೆ ಅರಾಮ ಅಂತೀವ್ರಿ. ಹುಷಾರ ಅಂದ್ರ ಶ್ಯಾಣ್ಯಾ. ಇಲ್ಲಿ ಮರಾಠ್ಯಾಗೂ ಅದ. ಹೆಂಡ್ತಿ ಹುಷಾರ ಅಂದ್ರ ಗಂಡ ಭಾಳ ಹುಷಾರ ಇರಬೇಕು ನೋಡ್ರಿ. ಈಗ ನಂದ ತಗೋರಿ. ಈ ಕಾಲು ಸಣ್ಣಾಕಿ ಇದ್ದಾಗಿಂದ ಹಿಂಗ ಐತಿ, ನೋವೂ ಇಲ್ಲ ಏನೂ ಇಲ್ಲ. ಆದ್ರ ರವಿವಾರ ಬಂತಂದ್ರ ಭಾಳ ನೂಸ್ತೈತಿ. ನಮ್ಮ ಮನಿಯವರು ಪಾಪ, ಚಹಾ ಮಾಡಿ ಕೈಯಾಗ ತಂದು ಕೊಡ್ತಾರ."

ಸತ್ಯಮೂರ್ತಿ ನಕ್ಕ. ಗಂಟಲಿನಿಂದ ಬರುವ, ಭುಜ ಅಲ್ಲಾಡಿಸುವ ನಗೆ. "ಅದೂ ಇರಬಹುದು ಬಿಡಿ," ಅಂದ.

ವಿಮಲಾ ನಗಲು ಹೋದಳು, ತುಟಿ ಅರಳಲಿಲ್ಲ. ಅದೂ ಇರಬಹುದು ಅಂದರೆ? ಗೊತ್ತಿದ್ದು ಅಂದನೇ? ಗೀಟಿನ ಮೇಲೆ ಗೀಟು ಎಳೆಯುವಾಗ, ಕೂದಲೆಳೆ ಮೇಲಿದೆ ಅನ್ನುವಾಗ, ಒಳಗೊಳಗೆ ಹೀಗೇ ಭುಜ ಅಲ್ಲಾಡಿಸುತ್ತಿದ್ದನೇ? ಅವನ ಮುಖ ನೋಡಿದಳು. ಏನೂ ಇರಲಿಲ್ಲ ಅಲ್ಲಿ. ಬೈತಲೆ ಸರಿಯಾಗಿ ಕೂತಿದೆಯೇ ಅಂತ ಅವಳ ತಲೆಯನ್ನು ನೋಡುತ್ತಿದ್ದ, ಅಷ್ಟೆ; ತಾನು ಬರೆದ ಅಕ್ಷರವನ್ನು ದೂರದಿಂದ ನೋಡುವ ಮಗುವಿನ ಹಾಗೆ. ಅವನಿಗೆ ಗೊತ್ತಿಲ್ಲ ಅನ್ನುವುದು ಗೊತ್ತಾಗಿ ಅವಳಿಗೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಮೈಸೂರಿನ ಮಾತು ಅವನ ಬಾಯಿಂದ ಹೊರಟು ಬೆಳಗಾವಿಯವಳ ಕಿವಿಗೆ ಬೀಳುವಷ್ಟರಲ್ಲಿ ತನ್ನನ್ನು ಹಿಡಿದುಕೊಟ್ಟಿತ್ತು. ಹುಷಾರಾದವಳು. ಮೈ ಹುಷಾರಾಗಿದೆ ಅಂತ ಹೇಳದೇ ಇರುವಷ್ಟು ಹುಷಾರು.

ಬಾಂದ್ರಾದಲ್ಲಿ ಒಬ್ಬ ಹುಡುಗಿ ಹತ್ತಿದಳು. ವಿಭಾಳಿಗಿಂತ ಚಿಕ್ಕವಳು. ತಲೆಗೆ ನೂಲಿನ ಟೋಪಿ, ಟೋಪಿಯ ಕೆಳಗೆ ಕಿವಿಯ ಹಿಂದೆ ಬರಿ ಚರ್ಮ, ಹುಬ್ಬಿದ್ದಲ್ಲಿ ಪೆನ್ಸಿಲಿನ ಗೆರೆ. ಡಬ್ಬಾ ತುಂಬಿತ್ತು. ಬಾಗಿಲ ಪಕ್ಕದ ತಗಡಿಗೆ ಒರಗಿ, ಯಾರನ್ನೂ ನೋಡದೆ, ಯಾರೂ ತನ್ನನ್ನು ನೋಡದಿರಲಿ ಅನ್ನುವ ಹಾಗೆ ನಿಂತಳು. ಆ ನಿಲುವು ವಿಮಲಾಗೆ ಮೈಗೇ ಗೊತ್ತಿತ್ತು. ಯೋಚಿಸಲಿಲ್ಲ. ಎದ್ದು, "ಬೈಠೋ ಬೇಟಾ," ಅಂದಳು. ಹುಡುಗಿ, ನೀವು ಆಂಟಿ, ಅಂದಾಗ, "ಮೇರಾ ಹೋ ಗಯಾ," ಅಂದುಬಿಟ್ಟಳು. ನನ್ನದು ಮುಗಿಯಿತು. ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. ಡಾಕ್ಟರು ಹೇಳಿದಾಗಲೂ ಅವಳು ಸುಮ್ಮನೆ ತಲೆಯಾಡಿಸಿದ್ದಳು. ಹುಡುಗಿ ಕೂತಳು, ಗಾಡಿ ಎಳೆದುಕೊಂಡು ಹೊರಟಿತು, ವಿಮಲಾ ಹಿಂದಕ್ಕೆ ವಾಲಿದಳು, ಬಲಗೈ ತಾನಾಗಿ ಮೇಲಕ್ಕೆ ಹೋಗಿ ತೂಗುಹಿಡಿಯನ್ನು ಹಿಡಿಯಿತು.

ಸತ್ಯಮೂರ್ತಿ ಅವಳನ್ನು ಹಿಡಿಯಲು ಕೈಚಾಚಿ ಒಂದು ಹೆಜ್ಜೆ ಮುಂದೆ ಬಂದಿದ್ದ. ಅಲ್ಲೇ ನಿಂತ. ಚಾಚಿದ ಕೈ ಹಾಗೇ ಇತ್ತು. ಅವನ ಕಣ್ಣು ಅವಳ ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮುಷ್ಟಿಗೆ ಹತ್ತಿತು.

ಇಳಿಸಿಬಿಡಬಹುದಾಗಿತ್ತು. ಅಯ್ಯೋ ಅಂದು, ಹುಬ್ಬು ಗಂಟಿಕ್ಕಿ, ಕೈಯನ್ನು ಎದೆಗೆ ಅವುಚಿಕೊಂಡಿದ್ದರೆ ಅವನು ನಂಬುತ್ತಿದ್ದ. ಗಾಬರಿಯಿಂದ ಉಜ್ಜಿಕೊಡುತ್ತಲೂ ಇದ್ದ. ಮಾಹಿಮಿನ ಖಾಡಿಯ ಕೊಳಚೆನೀರಿನ ವಾಸನೆ ಕಿಟಕಿಯಿಂದ ನುಗ್ಗಿತು. ಹುಡುಗಿ ಟೋಪಿ ಸರಿಮಾಡಿಕೊಂಡಳು. ವಿಮಲಾ ಕೈ ಇಳಿಸಲಿಲ್ಲ. ಸೀರೆಯ ಸೆರಗು ಭುಜದಿಂದ ಜಾರಿ, ರವಿಕೆಯ ಚಪ್ಪಟೆಯಾದ ಬದಿ ಕಾಣುತ್ತಿದೆಯೇನೋ ಅನ್ನಿಸಿದರೂ ಇಳಿಸಲಿಲ್ಲ. ಮಾಹಿಮ್ ಬಂತು, ಮಾಟುಂಗಾ ರೋಡ್ ಬಂತು. ಅವನು ಹೊರಗೆ ನೋಡುತ್ತಿದ್ದ. ಶುಭಾಂಗಿ ಹುಡುಗಿಯ ಹತ್ತಿರ ಯಾವ ಡಾಕ್ಟರು, ಎಷ್ಟನೇ ಕೀಮೋ ಅಂತ ವಿಚಾರಿಸುತ್ತಿದ್ದಳು.

ದಾದರಿನಲ್ಲಿ ಇಳಿದು, ಜನರ ನಡುವೆ ಮೆಟ್ಟಿಲು ಹತ್ತಿದರು. ಅವನು ಅವಳ ಕೈ ಹಿಡಿದುಕೊಳ್ಳಲಿಲ್ಲ. ಮೇಲೆ ಸೇತುವೆಯ ಬದಿಯಲ್ಲಿ, ಜನ ಹರಿಯದ ಒಂದು ಚೂರು ಜಾಗದಲ್ಲಿ ನಿಂತ.

"ಯಾವಾಗಿನಿಂದ?"

"ಸುಮಾರು ದಿವಸ ಆಯ್ತು."

"ನೋವಿಲ್ವಾ?"

"ಇಲ್ಲ."

"ಮತ್ತೆ ದಿನಾ ನಾನು ಪೆನ್ಸಿಲ್ ಹಿಡ್ಕೊಂಡು ನಿಂತ್ಕೋತಿದ್ದೆನಲ್ಲೇ." ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಎಲ್ಲರೆದುರಿಗೆ ಇಂಗ್ಲಿಷ್ ತಪ್ಪಿದವನ ಸಂಕೋಚ ಇತ್ತು. "ವಿಭಾಗೆ ಫೋಟೋ ಬೇರೆ ಕಳಿಸ್ತಿದ್ದೆ. ಯಾಕೆ ಹೀಗೆ ಮಾಡಿದೆ?"

ಹೇಳುವುದು ಸುಲಭವಾಗಿರಲಿಲ್ಲ. ಸೇತುವೆ ಸಣ್ಣಗೆ ನಡುಗುತ್ತಿತ್ತು. "ಕೈ ಸರಿಹೋದರೆ ನೀವು ತಲೆ ಬಾಚಲ್ಲ."

"ಅಷ್ಟಕ್ಕಾ? ಬಾಚು ಅಂದರೆ ಬಾಚ್ತೀನಪ್ಪ, ಅದೇನು ದೊಡ್ಡ ವಿಷಯ."

"ಬಾಚೋದಲ್ಲ ರೀ. ಬಾಚುವಾಗ ನೀವು ಮಾತಾಡ್ತೀರಿ."

"ನಾನಾ?" ಅವನು ಕನ್ನಡಕ ತೆಗೆದ. "ಏನು ಮಾತಾಡ್ತೀನಿ?"

ತಮಾಷೆಗೆ ಕೇಳುತ್ತಿರಲಿಲ್ಲ. ವಿಮಲಾ ಅವನನ್ನೇ ನೋಡಿದಳು. "ಮಾಟುಂಗಾದ ಸಾರು. ಆ ಅಕೌಂಟೆಂಟು. ವಿಭಾ ಹುಟ್ಟಿದಾಗ ನಲ್ಲಿ ಹತ್ತಿರ ನಿಂತಿದ್ದು."

"ಅದನ್ನೆಲ್ಲ ಹೇಳಿದ್ದೀನಾ ನಿನಗೆ?"

ಕಿವಿಯ ತುದಿ ಕೆಂಪಾಗಿತ್ತು. ಇನ್ನು ಆಯಿತು, ಅಂದುಕೊಂಡಳು. ಹೇಳಿಬಿಟ್ಟು ತಾನೇ ಕೊಂದೆ; ನಾಳೆಯಿಂದ ಬಾಚಣಿಗೆ ಹಿಡಿದರೂ ತುಟಿ ಬಿಗಿಹಿಡಿದು ಬಾಚುತ್ತಾನೆ, ನಿದ್ದೆಯಲ್ಲಿ ಮಾತಾಡುತ್ತೀಯೆಂದು ಯಾರೋ ಹೇಳಿದ ಮೇಲೆ ಕಣ್ಣುಬಿಟ್ಟುಕೊಂಡೇ ಮಲಗುವವನ ಹಾಗೆ. ಅವನು ಕನ್ನಡಕವನ್ನು ಶರ್ಟಿನ ಅಂಚಿನಿಂದ ಒರೆಸಿದ. ಹಾಕಿಕೊಂಡ. ಅವಳ ಮುಖ ನೋಡಿದ.

"ಎದುರಿಗೆ ನಿಂತರೆ ನನಗೆ ಏನೂ ಹೊಳೆಯಲ್ಲ ಕಣೇ ವಿಮಲಾ," ಅಂದ ಕೊನೆಗೆ. ಬಡಪಾಯಿಯ ಹಾಗೆ ಕಂಡ.

ವಿಮಲಾ ಅವನಿಗೆ ಬೆನ್ನು ಮಾಡಿ, ಸೇತುವೆಯ ಕಂಬಿಯ ಕಡೆ ತಿರುಗಿ ನಿಂತಳು. ಕೆಳಗೆ ಹಳಿಗಳು ಬಿಸಿಲಿನಲ್ಲಿ ಮಿನುಗುತ್ತಿದ್ದವು. ಬೆನ್ನ ಹಿಂದೆ ಏನೂ ಇಲ್ಲ. ಜನರ ಚಪ್ಪಲಿ ಸದ್ದು, ಚಲಾ ಚಲಾ ಎಂದು ಅವಸರಿಸುವ ದನಿ, ಯಾರದೋ ಬುಟ್ಟಿಯಿಂದ ಶೇವಂತಿಗೆಯ ವಾಸನೆ. ಹೊರಟುಹೋದನೋ ಏನೋ. ತಿರುಗಿ ನೋಡಬಾರದು ಅಂದುಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

"ನಿನ್ನನ್ನ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದರಲ್ಲ," ಅಂದ ಸತ್ಯಮೂರ್ತಿ. "ವಿಭಾ ಕೂತಿದ್ದಳು. ನನಗೆ ಕೂರೋಕೆ ಆಗಲಿಲ್ಲ. ಹೊರಗೆ ಬಂದೆ. ರಸ್ತೆ ಆಚೆ ಒಂದು ಕ್ಷೌರದಂಗಡಿ ಇತ್ತು, ಹೋಗಿ ಕೂತುಬಿಟ್ಟೆ. ಬೆಳಿಗ್ಗೆ ಮನೇಲಿ ಗಡ್ಡ ಮಾಡ್ಕೊಂಡೇ ಬಂದಿದ್ದೆ. ಅವನು ಕೆನ್ನೆ ಮುಟ್ಟಿ ನೋಡಿ, ಏನು ತೆಗೀಲಿ ಸಾಬ್ ಅಂದ. ಏನಾದರೂ ತೆಗಿ ಅಂದೆ. ಯಾರಾದರೂ ತಲೆ ಹಿಡ್ಕೊಳ್ಳಲಿ ಅನ್ನಿಸಿತ್ತು. ಅವನು ಹಿಂದೆ ನಿಂತು ಸೋಪು ಹಚ್ಚಿದ. ಆಗ ನಾನು..."

ಕೆಳಗೆ ಫಾಸ್ಟ್ ಗಾಡಿ ಕೂಗುತ್ತ ನುಗ್ಗಿತು. ಸೇತುವೆ ಅದುರಿತು. ಉಳಿದದ್ದು ಅದರ ಜೊತೆ ಹೋಯಿತು.

"ಏನಂದಿರಿ? ಕೇಳಿಸಲಿಲ್ಲ." ವಿಮಲಾ ತಿರುಗಿಬಿಟ್ಟಿದ್ದಳು.

"ಅತ್ತೆ ಅಂದೆ," ಅಂತ ಸತ್ಯಮೂರ್ತಿ ಗಾಡಿಯ ಸದ್ದಿನ ಮೇಲೆ, ಅವಳ ಮುಖಕ್ಕೇ ಕೂಗಿದ. "ಮುಖದ ತುಂಬ ಸೋಪು ಇಟ್ಕೊಂಡು ಅತ್ತುಬಿಟ್ಟೆ. ಅವನು ಕತ್ತಿ ಎತ್ತಿಟ್ಟು, ನಾನು ಮುಗಿಸೋವರೆಗೂ ನಿಂತಿದ್ದ."

ಹೂವಿನ ಬುಟ್ಟಿ ಹೊತ್ತವಳು ಹೋಗುತ್ತ ಹೋಗುತ್ತ ಆ ಕೂಗಿಗೆ ಅವನ ಮುಖ ನೋಡಿದಳು. ಗಾಡಿ ದಾಟಿಹೋಗಿ ಸದ್ದು ಇಳಿಯಿತು. ಅವನಿಗೆ ಅದು ತಿಳಿದ ಹಾಗಿರಲಿಲ್ಲ. ಅದೇ ದೊಡ್ಡ ದನಿಯಲ್ಲಿ, ಅವಳ ಕಣ್ಣನ್ನೇ ನೋಡುತ್ತ, ಅಂಗಡಿಯವನು ಬಿಹಾರದವನಂತೆ, ಅವನ ಹೆಂಡತಿ ಊರಲ್ಲಿದ್ದಾಳಂತೆ ಅಂತ ಹೇಳುತ್ತಲೇ ಇದ್ದ.

"ಆಮೇಲೆ?" ಅಂದಳು ವಿಮಲಾ.